ದಾರಿ ಬಲ್ಲವರನ್ನು ಕೇಳಿ ಕೆಲಸ ಬದಲಿಸಿ

ಪ್ರವಾದಿ ಮುಹಮ್ಮದ್(ಸ)ರ ಹಿಜಿರಾವನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಸೌರ್ ಗುಹೆ, ಬೆನ್ನಟ್ಟಿದ ಶತ್ರುಗಳು, ಅಲ್ಲಾಹನ ರಕ್ಷಣೆ ಮಕ್ಕಳಿಗೂ ಗೊತ್ತು. ಅದೇ ಪ್ರಯಾಣದ ಇನ್ನೊಂದು ಸಂಗತಿಯತ್ತ ಗಮನ ಹೋಗುವುದು ಕಡಿಮೆ. ಪ್ರವಾದಿವರ್ಯರು(ಸ) ಮತ್ತು ಅಬೂಬಕರ್(ರ) ಹೊರಡುವ ಮೊದಲೇ ಅಬ್ದುಲ್ಲಾ ಬಿನ್ ಉರೈಕಿತ್ ಎಂಬ ದಾರಿ ಬಲ್ಲವನನ್ನು ಕೂಲಿ ಕೊಟ್ಟು ಗೊತ್ತುಮಾಡಿದ್ದರು. ಆತ ಆಗ ಮುಸ್ಲಿಮನಾಗಿರಲಿಲ್ಲ. ಆದರೆ ದಾರಿಗಳಲ್ಲಿ ಪಳಗಿದವ, ನಂಬಿಕೆಗೆ ಅರ್ಹ. ಒಂಟೆಗಳನ್ನು ಅವನ ಕೈಗೊಪ್ಪಿಸಿ, ಮೂರು ರಾತ್ರಿ ಕಳೆದ ಮೇಲೆ ಗುಹೆಯ ಬಳಿ ಬರಲು ಹೇಳಿದ್ದರು. ತವಕ್ಕುಲ್‌ನಲ್ಲಿ ಅವರಿಗಿಂತ ಮಿಗಿಲಾದವರು ಯಾರಿದ್ದಾರೆ? ಆದರೂ ದಿನ, ಜಾಗ, ದಾರಿ ತೋರಿಸುವವನು, ಎಲ್ಲವೂ ಮೊದಲೇ ನಿಶ್ಚಯವಾಗಿತ್ತು.

ಇನ್ನು ನಮ್ಮ ಬೈಕಂಪಾಡಿಯಲ್ಲಿ ಕೆಲಸ ಬದಲಿಸುವ ರೀತಿ ನೋಡಿ. ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆದರೆ ಮರುದಿನದಿಂದ ಫ್ಯಾಕ್ಟರಿಗೆ ಹೋಗುವುದಿಲ್ಲ. ಅಥವಾ ಭಾವನ ಫೋನ್ ಬರುತ್ತದೆ, 'ವೀಸಾ ಉಂಟು, ಬಾ' ಎಂದು. ಉಮ್ಮನ ಬಳೆ ಅಡವಿಗೆ ಹೋಗುತ್ತದೆ. ಕೇಳಿದರೆ, ಇಸ್ತಿಖಾರಾ ಮಾಡಿದ್ದೇನೆ ಎನ್ನುತ್ತಾರೆ. ಒಳ್ಳೆಯದೇ. ಕುರ್‌ಆನಿನ ಸೂರಃ ಕಲಿಸುವಂತೆಯೇ ಪ್ರವಾದಿವರ್ಯರು(ಸ) ಇಸ್ತಿಖಾರಾ ಕಲಿಸುತ್ತಿದ್ದರೆಂದು ಜಾಬಿರ್ ಬಿನ್ ಅಬ್ದುಲ್ಲಾ(ರ) ತಿಳಿಸಿದ್ದಾರೆ. ಆದರೆ ಆ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಒಂದು ಕಾರ್ಯಕ್ಕೆ ಮನಸ್ಸು ಮಾಡಿದವನು ಎರಡು ರಕಅತ್ ನಮಾಝ್ ಮಾಡಿ, ದುಆದಲ್ಲಿ ಆ ಕಾರ್ಯವನ್ನು ಹೆಸರಿಸಬೇಕು. ಕಂಪೆನಿ ಯಾವುದು, ಸಂಬಳವೆಷ್ಟು, ಡ್ಯೂಟಿ ಎಷ್ಟು ಗಂಟೆ ಎಂದೇ ತಿಳಿಯದವನು ಏನನ್ನು ಹೆಸರಿಸಿಯಾನು?

ಆದ್ದರಿಂದ ವಿಚಾರಣೆ ಮೊದಲು. ನಮ್ಮ ಕೈಗೆ ಬರುವ ಕೆಲಸವೇನೆಂದು ಒಂದು ಹಾಳೆಯಲ್ಲಿ ಬರೆಯುವುದರಿಂದ ಶುರುಮಾಡಬಹುದು. ಹೆಲ್ಪರ್ ಆಗಿ ಸೇರಿದವ ಎಂಟು ವರ್ಷದಲ್ಲಿ ವೆಲ್ಡಿಂಗ್, ಮೋಟಾರ್ ರಿಪೇರಿ, ಸ್ಟೋರಿನ ಲೆಕ್ಕ ಕಲಿತಿರುತ್ತಾನೆ. ಕಾಗದದಲ್ಲಿ ಮಾತ್ರ ಇನ್ನೂ ಹೆಲ್ಪರ್. ತನ್ನನ್ನು ಹೊಗಳಿಕೊಳ್ಳಬಾರದೆಂದು ಇಂಟರ್‌ವ್ಯೂನಲ್ಲಿ ತಲೆತಗ್ಗಿಸಿ ಕೂರುವವರೂ ಇದ್ದಾರೆ. ಹಝ್ರತ್ ಯೂಸುಫ್(ಅ) ಈಜಿಪ್ಟಿನ ಅರಸನ ಮುಂದೆ ಉಗ್ರಾಣಗಳ ಹೊಣೆಯನ್ನು ತಾವಾಗಿ ಕೇಳಿದರು, ತಮಗಿರುವ ಅರ್ಹತೆಯನ್ನೂ ಹೇಳಿದರು. ಇದ್ದದ್ದನ್ನು ಇದ್ದಂತೆ ಹೇಳುವುದು ಅಹಂಕಾರವಾಗುವುದಿಲ್ಲ.

ದುಡಿಯುತ್ತಲೇ ಕಲಿತ ಕೆಲಸಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಗಳಲ್ಲಿದೆ. ಅದಕ್ಕೆ 'ಪೂರ್ವ ಕಲಿಕೆಯ ಮಾನ್ಯತೆ' ಎನ್ನುತ್ತಾರೆ. 2015ರಲ್ಲಿ ಆರಂಭವಾದ ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್‌ನಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಹಣ ಕೇಳಿದವರನ್ನು ನಂಬಬೇಡಿ. ಮೆಷಿನ್ ಕೆಲಸದವರಿಗಂತೂ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ನಮ್ಮ ಕೈಗಾರಿಕಾ ಪ್ರದೇಶದಲ್ಲೇ ಇದೆ. ದಿನವೂ ಅದರ ಆಸುಪಾಸಿನಲ್ಲಿ ಓಡಾಡುವ ನಮ್ಮ ಹುಡುಗರು ಒಮ್ಮೆ ಒಳಹೋಗಿ ಯಾವ ಕೋರ್ಸ್ ಇದೆಯೆಂದು ಕೇಳಬಾರದೇ?

ಮನೆಯಲ್ಲೂ ಕೇಳಬೇಕು. ಮದ್‌ಯನಿನಲ್ಲಿ ಹಝ್ರತ್ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಿ, ಅವರು ಬಲಶಾಲಿ, ಪ್ರಾಮಾಣಿಕ ಎಂದು ತಂದೆಗೆ ಸಲಹೆ ಕೊಟ್ಟದ್ದು ಮಗಳು. ಎಂಟು ವರ್ಷ, ಇಷ್ಟವಿದ್ದರೆ ಹತ್ತು ಎಂದು ಕರಾರೂ ಮೊದಲೇ ಸ್ಪಷ್ಟವಾಯಿತು. ಸಾಲದ ಕಂತು, ಮಕ್ಕಳ ಫೀಸಿನ ಲೆಕ್ಕ ಹೆಂಡತಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಆಕೆ ರಾಜೀನಾಮೆಯ ಸುದ್ದಿಯನ್ನು ನೆರೆಮನೆಯಿಂದ ಕೇಳುವಂತಾಗಬಾರದು.

ಬಿಡುವ ಮೊದಲು ಹಳೆಯ ಲೆಕ್ಕವನ್ನೂ ನೋಡಿ. ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ 5 ವರ್ಷಗಳ ಸತತ ಸೇವೆ ಬೇಕು. ಪ್ರತಿ ವರ್ಷಕ್ಕೆ 15 ದಿನದ ವೇತನ. ಸಿಟ್ಟಿನಲ್ಲಿ ನಾಲ್ಕೂವರೆ ವರ್ಷಕ್ಕೆ ಎದ್ದು ಬಂದವ ಅದನ್ನು ಕಳೆದುಕೊಳ್ಳುತ್ತಾನೆ. ಪಿಎಫ್ ಹಣವನ್ನು ಪ್ರತಿ ಸಲ ತೆಗೆದು ಖರ್ಚು ಮಾಡುವ ಅಭ್ಯಾಸವೂ ನಮ್ಮಲ್ಲಿದೆ. ಯುಎಎನ್ ಸಂಖ್ಯೆ ಒಂದೇ ಇರಲಿ, ಹಣ ಹೊಸ ಕಂಪೆನಿಗೆ ವರ್ಗವಾಗಲಿ. ತಿಂಗಳ ಪಿಂಚಣಿಗೆ ಒಟ್ಟು 10 ವರ್ಷಗಳ ಸೇವೆ ಬೇಕು. ನಡುವೆ ಪಿಂಚಣಿ ಹಣವನ್ನೂ ತೆಗೆದವನ ಲೆಕ್ಕ ಮತ್ತೆ ಸೊನ್ನೆಯಿಂದ. ನೋಟಿಸ್ ಅವಧಿ ಮುಗಿಸಿ, ಅನುಭವ ಪತ್ರ ಕೈಗೆ ಬಂದ ಮೇಲೆ ಹೊರಬನ್ನಿ. ಒಪ್ಪಂದ ಪೂರೈಸುವುದು ನಮ್ಮ ದೀನ್ ಕೂಡ ಹೌದು.

ಗಲ್ಫಿಗೆ ಹೊರಟವರು ಏಜೆಂಟರ ಪರವಾನಗಿಯನ್ನು ಸರಕಾರದ ಇ-ಮೈಗ್ರೇಟ್‌ನಲ್ಲಿ ನೋಡಿಕೊಳ್ಳಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ರಶೀದಿ ಕೊಡಲೇಬೇಕು. ಲಕ್ಷಗಟ್ಟಲೆ ಕೇಳುವವನು ಸಂಬಂಧಿಕನೇ ಆದರೂ ಅದು ಸರಿಯಾದ ದಾರಿಯಲ್ಲ. ಹತ್ತನೆಯ ತರಗತಿ ಪಾಸಾಗದವರಿಗೆ ಗಲ್ಫ್ ದೇಶಗಳಿಗೆ ಹೋಗಲು ಎಮಿಗ್ರೇಶನ್ ಅನುಮತಿಯೂ ಬೇಕು. ವಿಸಿಟ್ ವೀಸಾದಲ್ಲಿ ಅದನ್ನು ತಪ್ಪಿಸಿ ಹೋದವನಿಗೆ ಅಲ್ಲಿ ಸಂಬಳ ನಿಂತರೆ ಕೈಯಲ್ಲಿ ಕರಾರು ಪತ್ರವೇ ಇರುವುದಿಲ್ಲ.

ಬಂದರಿನಲ್ಲಿ, ದೊಡ್ಡ ಕಾರ್ಖಾನೆಗಳಲ್ಲಿ, ಗಲ್ಫಿನಲ್ಲಿ ದುಡಿದು ಬಂದ ಹಿರಿಯರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಜಮಾಅತ್ ಸಮಿತಿಯವರು ತಿಂಗಳಿಗೊಮ್ಮೆ ಜುಮಾದ ನಂತರ ಅಂಥ ಇಬ್ಬರನ್ನು ಅರ್ಧ ಗಂಟೆ ಮದ್ರಸದಲ್ಲಿ ಕೂರಿಸಲಿ. ಯುವಕರು ತಮ್ಮ ಹಾಳೆ ಹಿಡಿದು ಬರಲಿ. ಮುಂದಿನ ತಿಂಗಳು ಅದೇ ಹಾಳೆ ನೋಡಿ, ಎಷ್ಟಾಯಿತು ಎಂದು ಕೇಳುವವರಿರಲಿ.