ಮರದ ಗಾಯ ಮಾಯುವುದಿಲ್ಲ

ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಎಂಟು ಹತ್ತು ದಿನಗಳಲ್ಲಿ ಗಾಯ ಮಾಯುತ್ತದೆ. ಕೆಟ್ಟುಹೋದ ಜೀವಕೋಶಗಳ ಸ್ಥಾನದಲ್ಲಿಯೇ ಹೊಸವು ಹುಟ್ಟಿ ಅದನ್ನು ತುಂಬುತ್ತವೆ. ಹಿತ್ತಲಿನ ಮಾವಿನ ಕೊಂಬೆಯನ್ನು ಕಡಿಸಿದಾಗಲೂ ಹೀಗೆಯೇ ಆಗುವುದೆಂದು ನಾವು ಭಾವಿಸುವುದು ಸಹಜ. ನಾಲ್ಕಾರು ವರ್ಷಗಳಲ್ಲಿ ತೊಗಟೆ ಬೆಳೆದು ಕಡಿದ ಜಾಗವನ್ನು ಮುಚ್ಚಿಬಿಡುವುದರಿಂದ ಈ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಮರದ ಗಾಯ ಮಾಯುವುದಿಲ್ಲ. ಅದು ಮುಚ್ಚಿಕೊಳ್ಳುತ್ತದೆ, ಅಷ್ಟೆ. ಪೆಟ್ಟು ತಿಂದ ಭಾಗ ಮರದ ಆಯುಷ್ಯ ತೀರುವವರೆಗೂ ಅದರ ಒಡಲಿನಲ್ಲಿ ಹಾಗೆಯೇ ಹುದುಗಿರುತ್ತದೆ.

ಈ ವಿಷಯ ಸಸ್ಯಶಾಸ್ತ್ರಜ್ಞರ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ. ಏಪ್ರಿಲ್, ಮೇ ತಿಂಗಳುಗಳ ಸಂಜೆ ಬೆಂಗಳೂರಿನ ಮೇಲೆ ಗಾಳಿಮಳೆ ಎರಗಿದಾಗ ಗುಲ್‌ಮೊಹರ್, ಮಳೆಮರ ಮೊದಲಾದ ದೊಡ್ಡ ಮರಗಳು ವಾಹನಗಳ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೆಯೇ ಉರುಳಿದ ಸುದ್ದಿಯನ್ನು ವರ್ಷವರ್ಷವೂ ಓದುತ್ತೇವೆ. ಚರಂಡಿ ತೋಡುವಾಗ ಬೇರು ಕತ್ತರಿಸಿದ್ದು, ಬುಡಕ್ಕೆ ಕಾಂಕ್ರೀಟು ಮೆತ್ತಿದ್ದು ಇವು ಕಾರಣಗಳಲ್ಲಿ ಕೆಲವು. ಆದರೆ ಮುರಿದ ಜಾಗವನ್ನು ಹತ್ತಿರದಿಂದ ನೋಡಿದರೆ ಎಷ್ಟೋ ವೇಳೆ ಒಳಮರವೆಲ್ಲ ಮೆತ್ತಗಾಗಿ, ಬೆರಳಿನಿಂದ ಉಜ್ಜಿದರೆ ಪುಡಿಯಾಗುವಂತಿರುತ್ತದೆ. ಆ ಕೊಳೆತ ಮೊನ್ನೆ ಮೊನ್ನೆಯದಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಯಾರೋ ಗರಗಸವನ್ನು ಇಡಬಾರದ ಜಾಗದಲ್ಲಿ ಇಟ್ಟ ದಿನ ಅದು ಮೊದಲಾಗಿರಬಹುದು.

ಮರ ಕೊಳೆಯುವುದು ಶಿಲೀಂಧ್ರಗಳ ದೆಸೆಯಿಂದ ಎಂಬುದನ್ನು ಜರ್ಮನಿಯ ರಾಬರ್ಟ್ ಹಾರ್ಟಿಗ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಶಿಲೀಂಧ್ರ ಒಳಹೊಕ್ಕಾಗ ಮರವೇನು ಮಾಡುತ್ತದೆ? ಸುಮ್ಮನೆ ಕೊಳೆಯುತ್ತ ನಿಲ್ಲುತ್ತದೆಯೆ? ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಅವರು ಯಂತ್ರಗರಗಸ ಹಿಡಿದು ಮರಗಳನ್ನು ಅಡ್ಡಡ್ಡಲಾಗಿ ಮಾತ್ರವಲ್ಲದೆ ಉದ್ದುದ್ದಕ್ಕೂ ಸೀಳಿ, ಗಾಯದಿಂದ ಹೊರಟ ಕೊಳೆತ ಎಲ್ಲಿಯವರೆಗೆ ಹರಿದು ಎಲ್ಲಿ ನಿಂತಿದೆ ಎಂಬುದನ್ನು ಹಲವಾರು ವರ್ಷ ಪರೀಕ್ಷಿಸಿದರು. ೧೯೭೭ರಲ್ಲಿ ಪ್ರಕಟವಾದ ಅವರ ವಿವರಣೆ ಇಂದು ವೃಕ್ಷಪಾಲನೆಯ ಅಡಿಪಾಯವಾಗಿದೆ.

ಆ ವಿವರಣೆಯ ಸಾರವನ್ನು ಹೀಗೆ ಹೇಳಬಹುದು. ಪೆಟ್ಟು ಬಿದ್ದೊಡನೆ ಮರವು ಗಾಯದ ಸುತ್ತ ಗೋಡೆಗಳನ್ನು ಎಬ್ಬಿಸುತ್ತದೆ. ನೀರು ಏರುವ ಕೊಳವೆಗಳಿಗೆ ಮೇಲೂ ಕೆಳಗೂ ಬಿರಡೆ ಹಾಕುವುದು ಮೊದಲನೆಯ ಗೋಡೆ. ಇದು ಎಲ್ಲಕ್ಕಿಂತ ದುರ್ಬಲವಾದುದು, ಆದಕಾರಣವೇ ಕೊಳೆತ ಕಾಂಡದ ಉದ್ದಕ್ಕೆ ಬೇಗ ಹಬ್ಬುತ್ತದೆ. ಒಳಮುಖವಾಗಿ ಹೋಗದಂತೆ ತಡೆಯುವುದು ವಾರ್ಷಿಕ ಉಂಗುರದ ಕೊನೆಯ ಗಟ್ಟಿ ಕೋಶಗಳ ಸಾಲು. ಪಕ್ಕಗಳಿಗೆ ಹರಡದಂತೆ ತಡೆಯುವುದು ಕಾಂಡದ ನಡುವಿನಿಂದ ಅಂಚಿಗೆ ಗಾಲಿಯ ಅರಗಳಂತೆ ಹಾಯ್ದಿರುವ ಕೋಶಗಳು. ನಾಲ್ಕನೆಯದು ಎಲ್ಲಕ್ಕೂ ಬಲವಾದುದು. ಗಾಯವಾದ ಮೇಲೆ ತೊಗಟೆಯ ಕೆಳಗಿನ ಬೆಳವಣಿಗೆಯ ಪದರವು ನಿರ್ಮಿಸುವ ಈ ಗೋಡೆಯು, ಅಂದಿನವರೆಗೆ ಇದ್ದ ಮರವನ್ನೂ ಮುಂದೆ ಬೆಳೆಯಲಿರುವ ಮರವನ್ನೂ ಬೇರ್ಪಡಿಸಿಬಿಡುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಿದವರಿಗೆ ಈ ಉಪಾಯ ಸುಲಭವಾಗಿ ಅರ್ಥವಾದೀತು: ಒಂದು ಸುತ್ತನ್ನು ಶತ್ರುವಿಗೆ ಬಿಟ್ಟುಕೊಟ್ಟು ಇನ್ನೊಂದರಲ್ಲಿ ನಿಂತು ಕಾದುವುದು. ಪೊಟರೆ ಬಿದ್ದು ಟೊಳ್ಳಾದ ಹಳೆಯ ಹುಣಿಸೆ ವರ್ಷವರ್ಷವೂ ಕಾಯಿ ಬಿಡುತ್ತಿರುವ ರಹಸ್ಯವೂ ಇದೇ.

ಗೋಡೆ ಕಟ್ಟುವುದಕ್ಕೆ ಬಂಡವಾಳ ಬೇಕಷ್ಟೆ. ಮರದ ಬಂಡವಾಳವೆಂದರೆ ಎಲೆಗಳು ತಯಾರಿಸಿ ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಪಿಷ್ಟ. “ಮರ ಬಹಳ ಎತ್ತರವಾಯಿತು, ತಲೆ ಹಾರಿಸಿಬಿಡಿ” ಎಂದು ಮನೆಯವರು ಹೇಳುವುದು, ಮರ ಕಡಿಯುವವರು ಅಪ್ಪಣೆಯಂತೆ ಬೋಳಿಸಿ ಹೋಗುವುದು ನಮ್ಮ ಊರುಗಳಲ್ಲಿ ನಿತ್ಯದ ನೋಟ. ಮರಕ್ಕೆ ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಗಾಯಗಳು ಹತ್ತಾರು, ಅವುಗಳನ್ನು ಎದುರಿಸಲು ಬೇಕಾದ ಎಲೆಯಾದರೋ ಒಂದೂ ಇಲ್ಲ! ಎರಡು ತಿಂಗಳಲ್ಲಿ ಮೋಟುಗಳ ತುದಿಯಿಂದ ಚಿಗುರು ಗುಂಪುಗುಂಪಾಗಿ ಹೊಮ್ಮಿದಾಗ ಮರ ಸೊಂಪಾಯಿತೆಂದು ಮನೆಯವರು ಸಂತೋಷಪಡುತ್ತಾರೆ. ವಾಸ್ತವವಾಗಿ ಅದು ಹಸಿದ ಮರದ ಆತುರ. ಆ ಚಿಗುರುಗಳು ಮೂಲಕೊಂಬೆಯ ಆಳದಿಂದ ಬೇರೂರಿ ಬಂದವಲ್ಲ, ಮೇಲ್ಪದರಕ್ಕೆ ಅಂಟಿಕೊಂಡವು. ಅವು ತೋಳಿನ ಗಾತ್ರಕ್ಕೆ ಬೆಳೆಯುವ ಹೊತ್ತಿಗೆ ಕೆಳಗಿನ ಮೋಟು ಕೊಳೆತಿರುತ್ತದೆ. ಮುಂದಿನದನ್ನು ಬಿರುಗಾಳಿ ನೋಡಿಕೊಳ್ಳುತ್ತದೆ. ಎತ್ತರ ಕಡಿಮೆ ಮಾಡಬೇಕೆಂದು ಹಾರಿಸಿದ ತಲೆ, ಕೆಲವೇ ವರ್ಷಗಳಲ್ಲಿ ಮೊದಲಿನ ಎತ್ತರಕ್ಕೇ ಏರಿ ಮೊದಲಿಗಿಂತ ಅಪಾಯಕಾರಿಯಾಗುತ್ತದೆ.

ಹಾಗಾದರೆ ಕೊಂಬೆಯನ್ನು ಕಡಿಯಲೇಬಾರದೆ? ಒಣಗಿದ್ದನ್ನು, ಒಂದಕ್ಕೊಂದು ಉಜ್ಜುವುದನ್ನು, ಸೂರಿಗೆ ತಾಗುವುದನ್ನು ಸವರಲೇಬೇಕು. ಕಡಿಯುವ ಸ್ಥಳ ಮಾತ್ರ ಸರಿಯಾಗಿರಬೇಕು. ಕೊಂಬೆಯು ಕಾಂಡವನ್ನು ಸೇರುವ ಕಡೆ ಉಂಗುರದಂತೆ ಸ್ವಲ್ಪ ಉಬ್ಬಿದ ಭಾಗವನ್ನು ವಾಚಕರು ಗಮನಿಸಿರಬಹುದು. ಇದನ್ನು ಕೊಂಬೆಯ ಕೊರಳೆನ್ನೋಣ. ಈ ಕೊರಳು ಕೊಂಬೆಯದಲ್ಲ, ಕಾಂಡದ್ದು. ಮರವು ಕೊಂಬೆಯ ಬಾಗಿಲಿಗೆ ಕಾವಲಿಟ್ಟಿರುವುದು ಇಲ್ಲಿಯೇ. ಹಿಂದೆ ಕೊಂಬೆಯನ್ನು ಕಾಂಡಕ್ಕೆ ಸಮವಾಗಿ, ನುಣ್ಣಗೆ ಕತ್ತರಿಸುವುದೇ ಉತ್ತಮವೆಂದು ತಜ್ಞರೂ ಬರೆಯುತ್ತಿದ್ದರು. ಹಾಗೆ ಮಾಡಿದರೆ ಕಾವಲಿನವನನ್ನೇ ಕೊಂದು ಬಾಗಿಲು ತೆರೆದಂತಾಗುತ್ತದೆ. ಒಂದಡಿ ಮೋಟು ಬಿಟ್ಟರೂ ತಪ್ಪೇ. ಸತ್ತ ಮೋಟನ್ನು ತೊಗಟೆ ಮುಚ್ಚಲಾರದು, ಶಿಲೀಂಧ್ರಕ್ಕೆ ಅದು ಹೆಬ್ಬಾಗಿಲು. ಕೊರಳನ್ನು ಉಳಿಸಿ ಅದರ ಹೊರ ಅಂಚಿನಲ್ಲಿ ಕತ್ತರಿಸುವುದೇ ಸರಿಯಾದ ಕ್ರಮ.

ಭಾರವಾದ ಕೊಂಬೆಯನ್ನು ಒಂದೇ ಏಟಿಗೆ ಇಳಿಸಹೋದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡೇ ಬೀಳುತ್ತದೆ. ಆದ್ದರಿಂದ ಮೂರು ಕೊಯ್ತಗಳು ಬೇಕು. ಕಾಂಡದಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ ಕೊಂಬೆಯ ತಳಭಾಗದಿಂದ ಮೇಲಕ್ಕೆ ಕಾಲುಭಾಗ ಕೊಯ್ಯುವುದು ಮೊದಲನೆಯದು. ಅದರಿಂದ ತುಸು ಆಚೆಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸುವುದು ಎರಡನೆಯದು. ಉಳಿದ ಮೋಟನ್ನು ಕೊರಳಿನ ಹೊರಗೆ ನಿಧಾನವಾಗಿ ತೆಗೆಯುವುದು ಮೂರನೆಯದು. ಒಂದು ಸಲಕ್ಕೆ ಮರದ ಹಸುರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಕೂಡದು. ಮುದಿಮರವಾದರೆ ಇನ್ನೂ ಕಡಿಮೆ.

ಕಡಿದ ಮೇಲೆ ಸಗಣಿ, ಟಾರು, ಬಣ್ಣ ಬಳಿಯುವ ಪದ್ಧತಿಯ ವಿಚಾರ ಒಂದು ಮಾತು. ಇದು ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿ. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ತೋಟಗಾರ ವಿಲಿಯಂ ಫಾರ್ಸೈತ್, ಸಗಣಿ, ಸುಣ್ಣ, ಬೂದಿ, ಮರಳು ಕಲಸಿದ ಲೇಪವೊಂದನ್ನು ೧೭೯೧ರಲ್ಲಿ ಪ್ರಸಿದ್ಧಪಡಿಸಿ ಸರಕಾರದಿಂದ ಬಹುಮಾನವನ್ನೂ ಪಡೆದನು! ಇಂಥ ಲೇಪಗಳು ಕೊಳೆತವನ್ನು ತಡೆಯುವುದಿಲ್ಲವೆಂದು ಬಳಿಕದ ಪರೀಕ್ಷೆಗಳು ತೋರಿಸಿವೆ. ಟಾರಿನಂಥವು ಒಳಗೆ ತೇವವನ್ನು ಹಿಡಿದಿಟ್ಟು ಶಿಲೀಂಧ್ರಕ್ಕೆ ಅನುಕೂಲವನ್ನೇ ಮಾಡಬಹುದು. ಗಾಯವನ್ನು ಗಾಳಿಗೆ ಬಿಡುವುದೇ ಲೇಸು.

ತೆಂಗಿನ ಮಾತು ಬೇರೆ. ಅದರ ಕಾಂಡದಲ್ಲಿ ಬೆಳವಣಿಗೆಯ ಪದರವೇ ಇಲ್ಲವಾದ್ದರಿಂದ ಗಾಯ ಮುಚ್ಚಿಕೊಳ್ಳುವುದೂ ಇಲ್ಲ. ಹತ್ತಲು ಅನುಕೂಲವೆಂದು ಹೊಡೆದ ಕಚ್ಚುಗಳು ಮರ ಇರುವಷ್ಟು ಕಾಲ ಇರುತ್ತವೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿಹುಳು ಬಂದು ಮೊಟ್ಟೆಯಿಡುತ್ತದೆ. ಒಣಗಿದ ಗರಿಯನ್ನು ಮಾತ್ರ ತೆಗೆಸಬೇಕು. ಸುಳಿ ಒಂದೇ, ಅದು ಹೋದರೆ ಮರವೇ ಹೋಯಿತು.

ಇನ್ನು ಕೆಲಸಗಾರರನ್ನು ಗೊತ್ತುಮಾಡುವ ಬಗೆ. ಅದಕ್ಕೆ ಮುಂಚೆ ಕಾನೂನಿನ ಕಡೆ ಒಮ್ಮೆ ನೋಡಬೇಕು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ನಮ್ಮ ಹಿತ್ತಲಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ ಮೊದಲಾದ ಕೆಲವಕ್ಕೆ ವಿನಾಯಿತಿಯುಂಟು. ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಕೊಂಬೆ ಸವರುವುದು, ತೊಗಟೆ ಸುಲಿಯುವುದು, ವಿಷ ಹಾಕುವುದು ಇವೂ ಆ ಮಾತಿನಲ್ಲಿ ಅಡಗಿವೆ. ವಿದ್ಯುತ್ ತಂತಿಯ ಬಳಿಯ ಕೊಂಬೆಯಾದರೆ ವಿದ್ಯುತ್ ಕಂಪನಿಗೆ ತಿಳಿಸಿ, ಅವರು ಪ್ರವಾಹವನ್ನು ನಿಲ್ಲಿಸಿದ ಹೊರತು ಯಾರನ್ನೂ ಮರ ಹತ್ತಿಸಕೂಡದು. ಹಸಿ ಕೊಂಬೆಯ ಮೂಲಕ ವಿದ್ಯುತ್ತು ಹರಿದು ಪ್ರಾಣಹಾನಿಯಾಗುತ್ತದೆ.

ಕೂಲಿಗೆ ಬದಲು “ಸೌದೆ ನಿನಗೇ” ಎಂದು ಒಪ್ಪಂದ ಮಾಡಿಕೊಳ್ಳುವ ರೂಢಿ ಹಲವೆಡೆ ಇದೆ. ಮನೆಯವರಿಗೆ ಇದು ಲಾಭವೆಂದು ಕಾಣುವುದು. ಆದರೆ ದಪ್ಪ ಕೊಂಬೆ ಉರುಳಿದಷ್ಟೂ ತನಗೆ ಹೆಚ್ಚು ಎಂದಾದ ಮೇಲೆ ಸಣ್ಣ ಒಣರೆಂಬೆಗಳಿಗೆ ಯಾರು ಕೈಹಾಕಿಯಾರು? ಕೂಲಿ ಬೇರೆ, ಸೌದೆ ಬೇರೆ ಎಂದು ಮೊದಲೇ ಮಾತಾಡಿ, ಮೂವತ್ತು ಅಡಿ ಎತ್ತರದಲ್ಲಿ ಜೀವವನ್ನು ಹಗ್ಗಕ್ಕೆ ಒಪ್ಪಿಸಿ ನಿಲ್ಲುವವನಿಗೆ ತಕ್ಕ ಕೂಲಿಯನ್ನೇ ಕೊಡಬೇಕು. ಆ ಹಗ್ಗ ಅವನ ಸೊಂಟಕ್ಕೂ ಮರಕ್ಕೂ ಕಟ್ಟಿದೆಯೆ, ಕೊಂಬೆಯನ್ನು ಇಳಿಸಲು ಬೇರೊಂದು ಹಗ್ಗವಿದೆಯೆ, ತಲೆಗೆ ಶಿರಸ್ತ್ರಾಣವಿದೆಯೆ ಎಂದು ನೋಡಿಕೊಳ್ಳುವುದು ಮನೆಯ ಯಜಮಾನನ ಕರ್ತವ್ಯವೂ ಹೌದು. ಮರ ಮಳೆಯಲ್ಲಿ ನೆನೆದಿದ್ದರೆ ಕೆಲಸವನ್ನು ಮುಂದಕ್ಕೆ ಹಾಕಬೇಕು.

ಕೆಲಸ ಬಲ್ಲವನೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಎರಡು ಮೂರು ವರ್ಷಗಳ ಹಿಂದೆ ಅವನು ಸವರಿದ ಮರವೊಂದನ್ನು ತೋರಿಸೆಂದು ಕೇಳಿರಿ. ಕೊರಳನ್ನು ಉಳಿಸಿ ಕೊಯ್ದ ಕಡೆ ಹೊಸ ಮರ ಗಾಯದ ಸುತ್ತಲೂ ದುಂಡಾಗಿ, ಬಳೆಯಂತೆ ಉಬ್ಬಿ ಬಂದಿರುತ್ತದೆ. ಕಾಂಡಕ್ಕೆ ಸಮನಾಗಿ ಕೊಯ್ದಿದ್ದರೆ ಎರಡು ಪಕ್ಕಗಳಲ್ಲಿ ಮಾತ್ರ ತುಟಿಗಳಂತೆ ಬೆಳೆದು ಮೇಲೂ ಕೆಳಗೂ ಬರಿದಾಗಿರುತ್ತದೆ. ದಾರಿಯಲ್ಲಿ ನಡೆಯುವಾಗ ಕಾಂಪೌಂಡಿನಾಚೆ ಅಂಥ ಬಳೆಯಿರುವ ಮರ ಕಂಡರೆ, ಆ ಮನೆಯ ಬಾಗಿಲು ತಟ್ಟಿ, ಕೆಲಸ ಮಾಡಿದವರ ವಿಳಾಸವನ್ನು ಕೇಳಿ ಬರೆದುಕೊಳ್ಳಬಹುದು.