ಗೀಸರ್ ತೊಟ್ಟಿಕ್ಕಿದರೆ ತೊಟ್ಟಿಕ್ಕಲಿ

ಗೀಸರ್‌ಗೆ ತಣ್ಣೀರು ಹೋಗುವ ಪೈಪಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಲೋಹದ ವಾಲ್ವ್ ಇರುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಅದರ ಬಾಯಿಂದ ಹನಿ ಬೀಳತೊಡಗುತ್ತದೆ. ಲೀಕ್ ಆಗುತ್ತಿದೆ ಎಂದುಕೊಂಡ ಮನೆಯವರು ಸ್ಪ್ಯಾನರ್ ಹಿಡಿದು ಬರುತ್ತಾರೆ. ಎಂ-ಸೀಲ್ ಮೆತ್ತಿಯೋ ಎಂಡ್ ಕ್ಯಾಪ್ ತಿರುಗಿಸಿಯೋ ಬಾಯಿ ಮುಚ್ಚುತ್ತಾರೆ. ಐದು ನಿಮಿಷದ ಕೆಲಸ. ಪ್ಲಂಬರ್ ಖರ್ಚು ಉಳಿಯಿತು. ಆದರೆ ಆ ಗೀಸರ್ ಅಪಾಯಕಾರಿಯಾದದ್ದು ಆ ಹೊತ್ತಿನಿಂದಲೇ.

ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ 15 ಲೀಟರ್ ನೀರನ್ನು 65 ಡಿಗ್ರಿಗೆ ಕಾಯಿಸಿದರೆ ಸುಮಾರು ಕಾಲು ಲೀಟರ್ ಹೆಚ್ಚುತ್ತದೆ. ಆ ಹೆಚ್ಚುವರಿ ನೀರು ಬಂದ ದಾರಿಯಲ್ಲಿ ವಾಪಸ್ ಹೋಗುವಂತಿಲ್ಲ. ಅದೇ ವಾಲ್ವ್‌ನೊಳಗಿನ ಒಮ್ಮುಖ ಬಾಗಿಲು ತಡೆಯುತ್ತದೆ. ಓವರ್‌ಹೆಡ್ ಟ್ಯಾಂಕ್ ಬರಿದಾದಾಗ ಗೀಸರ್‌ನ ನೀರು ಹಿಂದಕ್ಕೆ ಹರಿದು ಕಾಯಿಲ್ ಸುಡಬಾರದೆಂದು ಈ ಏರ್ಪಾಡು. ಹಾಗಾಗಿ ಹಿಗ್ಗಿದ ನೀರಿಗೆ ಇರುವುದು ವಾಲ್ವ್‌ನ ಪಕ್ಕದ ಆ ಸಣ್ಣ ಬಾಯಿಯೊಂದೇ. ಅದನ್ನೂ ಮುಚ್ಚಿದರೆ ಒತ್ತಡ ಟ್ಯಾಂಕಿನ ಗೋಡೆಯ ಮೇಲೆ ಬೀಳುತ್ತದೆ. ದಿನವೂ ಹಿಗ್ಗಿ ಕುಗ್ಗಿ ಒಳಗಿನ ಗಾಜಿನ ಲೇಪನ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತುಕ್ಕು ಸೇರುತ್ತದೆ.

ನಿಜವಾದ ಗಂಡಾಂತರ ಬರುವುದು ಥರ್ಮೋಸ್ಟಾಟ್ ಕೈಕೊಟ್ಟಾಗ. ನೀರು ನಿಗದಿತ ಬಿಸಿ ಮುಟ್ಟಿದೊಡನೆ ಕರೆಂಟ್ ಕಡಿಯುವುದು ಅದರ ಕೆಲಸ. ಅದು ತಪ್ಪಿದರೆ ಕಾವಲಿಗೆ ಥರ್ಮಲ್ ಕಟ್-ಔಟ್ ಇದೆ. ‘ಪದೇ ಪದೇ ಆಫ್ ಆಗುತ್ತದೆ’ ಎಂದು ಕೆಲವರು ಅದನ್ನೇ ತಪ್ಪಿಸಿ ನೇರವಾಗಿ ವೈರ್ ಜೋಡಿಸಿಬಿಡುತ್ತಾರೆ. ಆಗ ಉಳಿಯುವ ಕೊನೆಯ ರಕ್ಷಣೆ ವಾಲ್ವ್ ಮಾತ್ರ. ಅದರ ಬಾಯಿಗೆ ಎಂ-ಸೀಲ್!

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಏರಿದಂತೆ ಕುದಿಯುವ ಬಿಂದುವೂ ಏರುತ್ತದೆ. ವಾತಾವರಣದ ಎಂಟು ಪಟ್ಟು ಒತ್ತಡದಲ್ಲಿ ಅದು ಸುಮಾರು 170 ಡಿಗ್ರಿ. ಅಷ್ಟು ಕಾದ ನೀರಿರುವ ಟ್ಯಾಂಕ್ ಒಡೆದು ಒತ್ತಡ ಒಮ್ಮೆಲೇ ಇಳಿದರೆ, ನೀರಿನ ಸುಮಾರು ಎಂಟನೇ ಒಂದು ಭಾಗ ಕ್ಷಣದಲ್ಲಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅಂದರೆ 15 ಲೀಟರಿನ ಗೀಸರ್‌ನಿಂದ ಹೆಚ್ಚು ಕಡಿಮೆ 3,000 ಲೀಟರ್ ಆವಿ, ಅದೂ ಪುಟ್ಟ ಬಚ್ಚಲಿನೊಳಗೆ. 17ನೇ ಶತಮಾನದಲ್ಲಿ ಆವಿಯ ಒತ್ತಡದಲ್ಲಿ ಅಡುಗೆ ಬೇಯಿಸುವ ಪಾತ್ರೆ ಕಟ್ಟಿದ ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ ಅದಕ್ಕೆ ಸೇಫ್ಟಿ ವಾಲ್ವ್ ಅಳವಡಿಸಿದ್ದು ಇದೇ ಭಯಕ್ಕೆ. ನಮ್ಮ ಕುಕ್ಕರ್‌ನ ವೆಯ್ಟ್ ಅನ್ನು ಯಾರೂ ತಂತಿ ಬಿಗಿದು ಕಟ್ಟಿಹಾಕುವುದಿಲ್ಲ; ಗೀಸರ್‌ಗೆ ಮಾತ್ರ ಅದನ್ನೇ ಮಾಡುತ್ತೇವೆ.

ಇನ್ನೆರಡು ತಪ್ಪುಗಳಿವೆ. ಬಿಸಿನೀರಿನ ಲೈನಿಗೆ ಅಗ್ಗವೆಂದು ಮಾಮೂಲಿ ಪಿವಿಸಿ ಪೈಪ್ ಹಾಕುವುದು ಒಂದು. ಅದು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. 90 ಡಿಗ್ರಿಯವರೆಗೆ ತಾಳುವುದು ಸಿಪಿವಿಸಿ. ಎರಡನೆಯದು, ಅರ್ಥ್ ಇಲ್ಲದ ಸಾಕೆಟ್ಟಿಗೆ ಪ್ಲಗ್ ಚುಚ್ಚುವುದು. 2,000 ವ್ಯಾಟ್‌ನ ಗೀಸರ್ ಒಂಬತ್ತು ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಬಿಸಿ ನೀರಿಗೆ ಇಳಿಯದೆ ಕಾಯಿಲ್ ತಾನೇ ಮಿತಿಮೀರಿ ಕಾದು ಕೊನೆಗೆ ಅದರ ಹೊದಿಕೆ ಸೀಳಬಹುದು. ಆಗ ಕರೆಂಟ್ ನೀರಿಗೆ ಸೋರುತ್ತದೆ. ಅರ್ಥ್ ಸರಿಯಿದ್ದು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ಲೈನ್ ತಾನಾಗಿಯೇ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಶವರ್ ಕೆಳಗೆ ನಿಂತವರಿಗೆ ಶಾಕ್.

ಹಾಗೆಂದು ನಲ್ಲಿಯ ವಾಷರ್ ಬದಲಿಸಲೂ ಹೆದರಬೇಕಿಲ್ಲ. ಗೇಟ್ ವಾಲ್ವ್ ಮುಚ್ಚಿ ತಣ್ಣೀರಿನ ನಲ್ಲಿ, ಶವರ್‌ನ ಜಾಲರಿ, ಸಿಂಕ್‌ನ ಕೊಳವೆಯನ್ನು ನೀವೇ ಬಿಚ್ಚಿ ಜೋಡಿಸಿ. ಅಲ್ಲಿ ತಪ್ಪಾದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಬಿಸಿ, ಒತ್ತಡ, ವಿದ್ಯುತ್ ಮೂರೂ ಕೂಡಿರುವ ಗೀಸರ್‌ನ ಮುಚ್ಚಳವನ್ನು ಮಾತ್ರ ತಿಳಿದವರಿಗೇ ಬಿಡಿ. ನೀರು ಕಾಯುವಾಗ ಮಾತ್ರ ವಾಲ್ವ್ ತೊಟ್ಟಿಕ್ಕಿದರೆ ಅದು ಸರಿಯಾಗಿದೆ ಎಂದರ್ಥ. ಬಾಯಿಗೊಂದು ಪೈಪ್ ಸಿಕ್ಕಿಸಿ, ಅದರ ತುದಿ ತೆರೆದೇ ಇರುವಂತೆ ಮೋರಿಯತ್ತ ಇಳಿಬಿಡಿ. ಆಫ್ ಇದ್ದಾಗಲೂ ಸುರಿಯುತ್ತಿದ್ದರೆ ವಾಲ್ವ್ ಸವೆದಿರಬಹುದು ಅಥವಾ ಲೈನಿನ ಒತ್ತಡವೇ ಹೆಚ್ಚಿರಬಹುದು, ಪ್ಲಂಬರನ್ನು ಕರೆಸಿ. ಎರಡರಲ್ಲಿ ಯಾವುದಾದರೂ ಸರಿ, ಅದರ ಬಾಯಿಯನ್ನು ಮಾತ್ರ ಮುಚ್ಚಬೇಡಿ.