ಬಾವಿಯ ದಂಡೆಯ ಹಳೆಯ ಆಯಿಲ್ ಎಂಜಿನ್ನು: ಅದರ ಜೀರ್ಣೋದ್ಧಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರಿಗೆ ಒಂದು ಸದ್ದು ಇನ್ನೂ ನೆನಪಿನಲ್ಲಿರಬಹುದು. ನಸುಕಿನಲ್ಲಿ ಹೊಲಗಳ ಕಡೆಯಿಂದ ತೇಲಿಬರುತ್ತಿದ್ದ, ನಿಧಾನವಾದ, ಒಂದೇ ಹದದ 'ಡುಗ್ ಡುಗ್' ಎಂಬ ಆ ಸದ್ದು ಬಾವಿಯ ದಂಡೆಯ ಆಯಿಲ್ ಎಂಜಿನ್ನಿನದು. ಸದ್ದನ್ನು ಕೇಳಿಯೇ ಅದು ಯಾರ ತೋಟದ ಎಂಜಿನ್ನೆಂದು ಹೇಳಬಲ್ಲ ಹುಡುಗರು ಪ್ರತಿಯೊಂದು ಊರಿನಲ್ಲಿಯೂ ಇರುತ್ತಿದ್ದರು. ಈ ಲೇಖಕನೂ ಅಂಥವರಲ್ಲಿ ಒಬ್ಬನಾಗಿದ್ದನು. ಕರಾವಳಿಯ ಮೀನುಗಾರನಿಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನು ಹೇಗೋ, ಬಯಲುಸೀಮೆಯ ರೈತನಿಗೆ ಈ ಎಂಜಿನ್ನು ಹಾಗೆ.

ನಮ್ಮ ತಂದೆಯವರು 1974ರಲ್ಲಿ ಹಡಗಲಿಯ ಮಲ್ಲಿಗೆ ತೋಟದವರೊಬ್ಬರಿಂದ, ಅವರು ಬಳಸಿ ಬಿಟ್ಟಿದ್ದ ಎಂಜಿನ್ನೊಂದನ್ನು ಕೊಂಡು ಎತ್ತಿನ ಬಂಡಿಯಲ್ಲಿ ಕೂಡ್ಲಿಗಿ ತಾಲೂಕಿನ ನಮ್ಮ ಹೊಲಕ್ಕೆ ತಂದಿದ್ದರು. ಇಪ್ಪತ್ತು ವರ್ಷ ದುಡಿದ ಅದು ಆಮೇಲೆ ಹಾಳು ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿತು. 2022ರ ಬೇಸಿಗೆಯಲ್ಲಿ ಅದನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡುವುದೆಂದು ಮನೆಯಲ್ಲಿ ನಿಶ್ಚಯವಾದಾಗ, ಆರು ತಿಂಗಳ ಅವಧಿಯನ್ನು ಬೇಡಿಕೊಂಡು ಅದರ ಜೀರ್ಣೋದ್ಧಾರಕ್ಕೆ ಕೈಹಚ್ಚಿದೆನು. ಆ ಕೆಲಸದಲ್ಲಿ ಕಲಿತದ್ದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಎಂಜಿನ್ನು ಬಂದ ಬಗೆ

ತುಂಗಭದ್ರೆಯು ಹರಪನಹಳ್ಳಿ, ಹಡಗಲಿ ತಾಲೂಕುಗಳ ಅಂಚನ್ನು ಮುಟ್ಟಿ ಹರಿಯುತ್ತಾಳೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿಯ ಕಡೆಗೂ ಚಾಚಿತು. ಆದರೆ ಕಾಲುವೆಗಳು ಅಣೆಕಟ್ಟಿನಿಂದ ಕೆಳಗಿನ ನಾಡಿಗೆ ಹರಿದವು. ಕೂಡ್ಲಿಗಿ, ಕೊಟ್ಟೂರುಗಳ ಎತ್ತರದ ಒಣಭೂಮಿಗೆ ಕೆರೆ ಮತ್ತು ಬಾವಿಗಳೇ ಗತಿಯಾಗಿದ್ದವು. ಬಾವಿಯ ನೀರನ್ನು ಎತ್ತುಗಳು ಕಪಿಲೆಯಿಂದ ಮೇಲೆ ಎಳೆಯುತ್ತಿದ್ದವು. ವಿದ್ಯುತ್ ಕಂಬ ಹೊಲವನ್ನು ತಲುಪುವ ಮೊದಲು ಆ ಎತ್ತುಗಳ ಭಾರವನ್ನು ಇಳಿಸಿದುದು ಆಯಿಲ್ ಎಂಜಿನ್ನು.

ಇದರ ಮೂಲಪುರುಷನಾದ ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಲಾಗಿತ್ತೆಂಬುದು ಶೇಂಗಾ ಬೆಳೆಯುವ ನಮ್ಮ ಸೀಮೆಯವರಿಗೆ ಸ್ವಾರಸ್ಯದ ಸಂಗತಿಯಾಗಿದೆ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯು 1929ರಲ್ಲಿ ಹೊರತಂದ, ಎರಡು ದೊಡ್ಡ ಗಾಲಿಗಳ ಒಂಟಿ ಸಿಲಿಂಡರಿನ ಎಂಜಿನ್ನು ಲೋಕಪ್ರಸಿದ್ಧವಾಯಿತು. ಅದೇ ಮಾದರಿಯನ್ನು ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಹೇರಳವಾಗಿ ತಯಾರಿಸಿದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮದು ಲಿಸ್ಟರ್ ಮಾದರಿಯ, ಆರು ಅಶ್ವಶಕ್ತಿಯ, ಸುಮಾರು 300 ಕಿಲೋಗ್ರಾಂ ತೂಕದ ಎಂಜಿನ್ನು.

ಅದು ದುಡಿಯುವ ರೀತಿ

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಒತ್ತಿದ ಗಾಳಿ ಕಾಯುತ್ತದೆ. ಆಯಿಲ್ ಎಂಜಿನ್ನಿನ ಗುಟ್ಟೂ ಇಷ್ಟೇ. ಪಿಸ್ಟನ್ನು ಮೊದಲ ಸಲ ಕೆಳಗಿಳಿಯುವಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೇರುವಾಗ ಆ ಗಾಳಿಯನ್ನು ಮೊದಲಿದ್ದ ಜಾಗದ ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಅದೇ ಕ್ಷಣಕ್ಕೆ ನಾಜಲ್ಲಿನ ಸೂಕ್ಷ್ಮ ರಂಧ್ರದಿಂದ ಒಂದೆರಡು ಹನಿಯಷ್ಟು ಡೀಸೆಲ್ ಎಣ್ಣೆ ಮಂಜಿನಂತೆ ಸಿಡಿದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆ ಒತ್ತಡಕ್ಕೆ ಪಿಸ್ಟನ್ನು ಕೆಳಗಿಳಿದು ಗಾಲಿಯನ್ನು ತಿರುಗಿಸುತ್ತದೆ. ನಾಲ್ಕನೆಯ ನಡೆಯಲ್ಲಿ ಹೊಗೆ ಹೊರಬೀಳುತ್ತದೆ.

ಈ ನಾಲ್ಕು ನಡೆಗಳಲ್ಲಿ ದುಡಿಮೆಯದು ಒಂದೇ. ಉಳಿದ ಮೂರನ್ನು ನಡೆಸುವುದು ಭಾರವಾದ ಗಾಲಿಗಳಲ್ಲಿ ಕೂಡಿಟ್ಟ ವೇಗ. ಎಂಜಿನ್ನು ನಿಮಿಷಕ್ಕೆ 650 ಸುತ್ತು ಸುತ್ತಿದರೆ 325 ಸಲ ಮಾತ್ರ ಎಣ್ಣೆ ಉರಿಯುತ್ತದೆ. ದೂರಕ್ಕೆ ಕೇಳಿಸುವ ಆ 'ಡುಗ್ ಡುಗ್' ಇದರದೇ ಎಣಿಕೆ.

ಬಿಚ್ಚುವ ಮೊದಲು

ಹಳೆಯ ಎಂಜಿನ್ನನ್ನು ಕಂಡೊಡನೆ ಹ್ಯಾಂಡಲ್ಲು ಹಾಕಿ ತಿರುಗಿಸಲು ಹೋಗುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ತುಕ್ಕಿನಿಂದ ಪಿಸ್ಟನ್ನು ಹಿಡಿದುಕೊಂಡಿದ್ದರೆ ಬಲಪ್ರಯೋಗದಿಂದ ಏನಾದರೊಂದು ಮುರಿಯುವುದು ನಿಶ್ಚಯ. ನಮ್ಮ ಎಂಜಿನ್ನಿನ ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿದೆ. ಅಲ್ಲಿ ಲೇಥು ನಡೆಸುತ್ತಿದ್ದ ಹಿರಿಯರೊಬ್ಬರು ನಮಗೆ ಈ ಕೆಲಸದಲ್ಲಿ ಗುರುಗಳಾದರು. ಅವರು ಸಿಲಿಂಡರಿನೊಳಕ್ಕೆ ಸೀಮೆಎಣ್ಣೆಯನ್ನೂ ಎಂಜಿನ್ ಆಯಿಲನ್ನೂ ಬೆರೆಸಿ ಸುರಿಸಿ, "ಇನ್ನು ಹತ್ತು ದಿನ ಇದರ ಕಡೆ ಹಾಯಬೇಡ್ರಿ" ಎಂದು ಹೊರಟೇಹೋದರು. ಹನ್ನೊಂದನೆಯ ದಿನ ಗಾಲಿ ಎರಡು ಬೆರಳಿನಷ್ಟು ಜರುಗಿತು. ಸುತ್ತಿಗೆ ಮಾಡಲಾರದ ಕೆಲಸವನ್ನು ಎಣ್ಣೆ ಮತ್ತು ಕಾಲ ಮಾಡಿದ್ದವು.

ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಕಳಚಿದ ಕ್ರಮವನ್ನು ನೋಟುಪುಸ್ತಕದಲ್ಲಿ ಚಿತ್ರಸಹಿತ ಬರೆದುಕೊಂಡೆವು. ಬೇರಿಂಗುಗಳ ನಡುವಿನ ಕಾಗದದಷ್ಟು ತೆಳುವಾದ ತಗಡುಗಳನ್ನು ಎಣಿಸಿ, ಯಾವ ಪಕ್ಕದವು ಎಂದು ಗುರುತಿಸಿ ಇಡುವುದು ಅತ್ಯಗತ್ಯ. ಅವು ಅದಲುಬದಲಾದರೆ ಬೇರಿಂಗು ಬಿಗಿದು ಕಾಯುತ್ತದೆ, ಇಲ್ಲವೇ ಸಡಿಲಾಗಿ ಬಡಿದುಕೊಳ್ಳುತ್ತದೆ. ಸಿಲಿಂಡರಿನ ಸುತ್ತಲಿನ ನೀರಿನ ಕೋಶದಲ್ಲಿ ನಮ್ಮ ಬಾವಿಯ ಗಡುಸು ನೀರು ಸುಣ್ಣದ ಪದರವನ್ನೇ ಕಟ್ಟಿತ್ತು. ಅದನ್ನು ತೆಗೆಯದೆ ಓಡಿಸಿದರೆ ಒಳಗಿನ ಕಾವು ಹೊರಗೆ ಬರುವ ದಾರಿ ಇರುವುದಿಲ್ಲ.

ಸವೆತವನ್ನು ಅಳೆಯುವುದು

ದುರಸ್ತಿ ಎಂದರೆ ಹಳೆಯದನ್ನು ಎಸೆದು ಹೊಸದನ್ನು ಹಾಕುವುದಲ್ಲ. ಯಾವುದು ಎಷ್ಟು ಸವೆದಿದೆ ಎಂಬುದನ್ನು ಅಳೆದು, ಸವೆದುದನ್ನು ಮಾತ್ರ ಸರಿಪಡಿಸುವುದು. ಈ ಮಾದರಿಯ ಸಿಲಿಂಡರಿನ ಒಳ ವ್ಯಾಸ ಹೊಸದರಲ್ಲಿ 114.3 ಮಿಲಿಮೀಟರು. ಎಣ್ಣೆ ಉರಿಯುವುದು ಮೇಲ್ತುದಿಯಲ್ಲಾದುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಆದಕಾರಣ ಮೇಲೆ, ನಡುವೆ, ಕೆಳಗೆ, ಮತ್ತು ಪ್ರತಿಯೊಂದು ಎಡೆಯಲ್ಲಿ ಅಡ್ಡಡ್ಡಲಾಗಿ ಎರಡೆರಡು ಸಲ ಮೈಕ್ರೋಮೀಟರಿನಿಂದ ಅಳೆಯಬೇಕು.

ಪಿಸ್ಟನ್ನಿನ ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗೆ ಇರಿಸಿ ಅವುಗಳ ತುದಿಗಳ ನಡುವಿನ ಸಂದನ್ನು ನೋಡಬೇಕು. ಹೊಸ ರಿಂಗಿನಲ್ಲಿ ಅದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲಿನ ಆಸುಪಾಸಿನಲ್ಲಿರುತ್ತದೆ. ನಮ್ಮ ಎಂಜಿನ್ನಿನಲ್ಲಿ ಅದು ಎರಡು ಮಿಲಿಮೀಟರನ್ನು ಮೀರಿತ್ತು. ಗಾಳಿಯೆಲ್ಲ ಅಲ್ಲಿಂದ ಸೋರಿಹೋದರೆ ಒತ್ತಡವೆಲ್ಲಿ, ಕಾವೆಲ್ಲಿ? ರಾಜಕೋಟೆಯಿಂದ ಹೊಸ ರಿಂಗುಗಳು ಬಂದವು. ಅವಸರಪಟ್ಟು ತೊಡಿಸಲು ಹೋಗಿ ಒಂದನ್ನು ಮುರಿದವನು ನಾನೇ. ಎರಕದ ಕಬ್ಬಿಣ ಬಾಗದು, ಮುರಿಯುತ್ತದೆ ಎಂಬ ಪಾಠವನ್ನು ತರಗತಿಯಲ್ಲಿ ಓದಿದ್ದೆನು. ಕೈಯಾರೆ ಕಲಿತದ್ದು ಅಂದು.

ವಾಲ್ವುಗಳನ್ನು ಅರೆಯುವ ಪೇಸ್ಟು ಸವರಿ ಅವುಗಳ ಪೀಠದ ಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ತಿಕ್ಕಿದೆವು. ಸುತ್ತಲೂ ಸಮನಾದ ಬೂದುಬಣ್ಣದ ಉಂಗುರ ಮೂಡಬೇಕು. ಆಮೇಲೆ ಮೇಲಿನ ದಾರಿಯಲ್ಲಿ ಸೀಮೆಎಣ್ಣೆ ಸುರಿದು, ಒಂದು ಹನಿಯೂ ಜಿನುಗದಿದ್ದರೆ ಕೆಲಸ ಸರಿಯಾಯಿತೆಂದು ತಿಳಿಯಬೇಕು. ಪಿಸ್ಟನ್ನು ತುತ್ತತುದಿಗೆ ಬಂದಾಗ ಅದಕ್ಕೂ ಮುಚ್ಚಳಕ್ಕೂ ಇರಬೇಕಾದ ಅಂತರವನ್ನು, ನಡುವೆ ಮೆದುವಾದ ಸೀಸದ ತಂತಿಯಿಟ್ಟು ಗಾಲಿಯನ್ನು ನಿಧಾನವಾಗಿ ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪದಿಂದ ಅಳೆಯುತ್ತಾರೆ.

ನಾಜಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿ ಎಣ್ಣೆ ನೂರು ವಾಯುಭಾರಗಳಿಗೂ ಮೀರಿದ ಒತ್ತಡದಿಂದ ಹೊಮ್ಮುತ್ತದೆ. ಅಡ್ಡವಾಗಿ ಹಿಡಿದ ಕೈಯ ಚರ್ಮವನ್ನು ತೂರಿ ಒಳಹೊಕ್ಕು ಅಪಾಯವನ್ನುಂಟುಮಾಡುತ್ತದೆ. ವಿದ್ಯಾರ್ಥಿಗಳನ್ನು ಇದರ ಹತ್ತಿರ ಬಿಡಕೂಡದು. ಎಣ್ಣೆಯ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೂ ಎಂಜಿನ್ನು ಹೊತ್ತುವುದಿಲ್ಲ. ಗುಳ್ಳೆಯೆಲ್ಲ ಹೋಗುವಂತೆ ನಟ್ಟು ಸಡಿಲಿಸಿ ಎಣ್ಣೆ ಹರಿಯಗೊಡಬೇಕು.

ಎಂಜಿನ್ನು ಎದ್ದಿತು

ಆರನೆಯ ತಿಂಗಳಲ್ಲಿ ಎಂಜಿನ್ನನ್ನು ಬಾವಿಯ ದಂಡೆಯ ಹಳೆಯ ಕಟ್ಟೆಯ ಮೇಲೆಯೇ ಕೂರಿಸಿದೆವು. ವಾಲ್ವನ್ನು ಎತ್ತಿಹಿಡಿದು, ಒತ್ತಡವಿಲ್ಲದಂತೆ ಮಾಡಿ, ನಮ್ಮಣ್ಣನ ಮಗನು ಹ್ಯಾಂಡಲ್ಲು ತಿರುಗಿಸಿ ಗಾಲಿಗೆ ವೇಗ ಬರಿಸಿದನು. ವಾಲ್ವನ್ನು ಬಿಟ್ಟೊಡನೆ ಒಂದು ಕೆಮ್ಮು, ಕಪ್ಪು ಹೊಗೆ, ಮತ್ತೊಂದು ಕೆಮ್ಮು. ಆಮೇಲೆ ಇಪ್ಪತ್ತೆಂಟು ವರ್ಷಗಳಿಂದ ಕೇಳದಿದ್ದ ಅದೇ ಹದದ ಸದ್ದು. ಅಕ್ಕಪಕ್ಕದ ಹೊಲದವರು ಓಡಿಬಂದರು. ಎಂಬತ್ತು ದಾಟಿದ ನಮ್ಮ ಅವ್ವ ಕೋಲೂರಿಕೊಂಡು ಬಂದು, ಎಂಜಿನ್ನನ್ನೂ ಬಾವಿಯನ್ನೂ ನೋಡಿ, "ಎಂಜಿನ್ ಎದ್ದು ಕುಂತೈತಿ, ಛಲೋ ಆತು. ನೀರು ಎಲ್ಲೈತಪ್ಪಾ?" ಎಂದರು. ಬಾವಿ ತಳ ಕಾಣುವಂತೆ ಒಣಗಿತ್ತು.

ಆ ಪ್ರಶ್ನೆಗೆ ಉತ್ತರವೂ ಎಂಜಿನ್ನಿನ ಲೆಕ್ಕದಲ್ಲಿಯೇ ಇದೆ. ಆರು ಅಶ್ವಶಕ್ತಿಯೆಂದರೆ ಸುಮಾರು 4,500 ವ್ಯಾಟು. ಪಂಪಿನಲ್ಲಿ ಅರ್ಧ ಶಕ್ತಿ ವ್ಯಯವಾಯಿತೆಂದರೂ, 15 ಮೀಟರು ಎತ್ತರಕ್ಕೆ ಅದು ಸೆಕೆಂಡಿಗೆ ಸುಮಾರು 15 ಲೀಟರು, ಗಂಟೆಗೆ 50,000 ಲೀಟರಿಗೂ ಮೇಲ್ಪಟ್ಟು ನೀರೆತ್ತಬಲ್ಲದು. ಕಪಿಲೆಯ ಎತ್ತುಗಳು ದಣಿದಾಗ ನಿಲ್ಲುತ್ತಿದ್ದವು, ಆ ಬಿಡುವಿನಲ್ಲಿ ಬಾವಿಗೆ ನೀರು ಊರುತ್ತಿತ್ತು. ಎಂಜಿನ್ನಿಗೆ ದಣಿವಿಲ್ಲ. ವರ್ಷದ ಮಳೆ ಒಳಗಿಳಿಸಿದ್ದಕ್ಕಿಂತ ಹೆಚ್ಚು ನೀರನ್ನು ಎಲ್ಲರೂ ಎತ್ತತೊಡಗಿದಾಗ ಬಾವಿಗಳ ಮಟ್ಟ ಕುಸಿಯಿತು. ದಂಡೆಯ ಪಂಪು ನೀರನ್ನು ಹೀರುವುದು ವಾಯುಮಂಡಲದ ಒತ್ತಡದ ಬಲದಿಂದ. ಆ ಬಲಕ್ಕೆ ಸಿದ್ಧಾಂತದಂತೆ ಸುಮಾರು ಹತ್ತು ಮೀಟರು, ಕಾರ್ಯತಃ ಆರೇಳು ಮೀಟರು ಮಾತ್ರ ಮಿತಿ. ನೀರು ಅದಕ್ಕೂ ಕೆಳಗಿಳಿದಾಗ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ಮತ್ತೂ ಕೆಳಗಿಳಿದಾಗ ಎಂಜಿನ್ನನ್ನು ಕೈಬಿಟ್ಟು, ಕೊಳವೆ ಬಾವಿ ಕೊರೆದು ವಿದ್ಯುತ್ ಮೋಟಾರನ್ನೇ ನೀರಿನೊಳಗೆ ಮುಳುಗಿಸಿದರು. ನಮ್ಮ ಎಂಜಿನ್ನು ಮೂಲೆ ಸೇರಿದ್ದು ತಾನು ಕೆಟ್ಟಿತೆಂದಲ್ಲ. ನೀರು ಅದರ ಅಳವಿನಿಂದ ದೂರ ಸರಿಯಿತೆಂದು. ಅದನ್ನು ದೂರ ಸರಿಸುವುದರಲ್ಲಿ ಅದರ ಪಾಲೂ ಇತ್ತು.

ಈ ಸಣ್ಣ ಜೀರ್ಣೋದ್ಧಾರದಿಂದ ನನಗೆ ಮನವರಿಕೆಯಾದುದು ಇಷ್ಟು. ಸವೆದ ಎಂಜಿನ್ನು ಮತ್ತೆ ಎದ್ದುದು ಅದರ ಸವೆತವನ್ನು ನಾವು ಅಳೆದುದರಿಂದ, ಒತ್ತಾಯಿಸದೆ ಕಾದುದರಿಂದ. ನಮ್ಮ ನೆಲದ ನೀರಿನ ವಿಷಯದಲ್ಲಿ ಅಂಥ ಅಳತೆ ನಡೆಯುತ್ತಿರುವುದು ಎಷ್ಟು ಬಾವಿಗಳಲ್ಲಿ? ಅಧ್ಯಾಪಕರು ಮನಸ್ಸು ಮಾಡಿದರೆ, ಉಳಿದಿರುವ ತೆರೆದ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ದಂಡೆಯ ಮೇಲಿನಿಂದಲೇ ಹಗ್ಗ, ಗುಂಡುಗಳಿಂದ ಅಳೆದು ಬರೆದಿಡುವುದನ್ನು ಮಕ್ಕಳಿಗೆ ಕಲಿಸಬಹುದು. ಹತ್ತು ವರ್ಷದ ಅಂಥ ಪುಸ್ತಕವೊಂದು ಒಂದು ಊರಿಗೆ ದೊಡ್ಡ ಆಸ್ತಿಯಾದೀತು. ಕೆರೆಯ ಹೂಳೆತ್ತಿಸುವ, ಕೃಷಿಹೊಂಡ ತೋಡಿಸುವ ದಾನಿಗಳಿಗೆ ಅದು ದಾರಿ ತೋರೀತು.

ಎಂಜಿನ್ನನ್ನು ಗುಜರಿಗೆ ಕೊಡುವ ಮಾತು ಈಗ ನಮ್ಮ ಮನೆಯಲ್ಲಿಲ್ಲ. ತಿಂಗಳಿಗೊಮ್ಮೆ ಅದನ್ನು ಅರ್ಧ ಗಂಟೆ ನಡೆಸುತ್ತೇವೆ. ನೋಡಬಯಸುವ ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ. ತಮ್ಮ ಹೊಲದ ಮೂಲೆಯಲ್ಲಿ ಇಂಥ ಎಂಜಿನ್ನುಳ್ಳ ಹಳೆಯ ವಿದ್ಯಾರ್ಥಿ ಮಿತ್ರರು ಅದನ್ನು ತಕ್ಕಡಿಗೆ ಏರಿಸುವ ಮೊದಲು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಹಾಕಿ ಹತ್ತು ದಿನ ಕಾದು ನೋಡಲೆಂದು ವಿನಂತಿಸಿಕೊಳ್ಳುತ್ತೇನೆ.